22 ಮಿಲಿಮೀಟರ್ ಮಳೆ ಮತ್ತು ನಾನು ಬರೆದ ವರದಿ

ಮಳೆ ಹೆಚ್ಚಿಸಲೆಂದು ಮೋಡಕ್ಕೆ ಉಪ್ಪಿನ ಕಣ ಸೇರಿಸುವ ಮೋಡ ಬಿತ್ತನೆಯ ಯೋಜನೆಯೊಂದರಲ್ಲಿ ಮಳೆಯ ಲೆಕ್ಕ ಸಿದ್ಧಪಡಿಸುವ ಕೆಲಸ ನನ್ನದಾಗಿತ್ತು. ವಿಮಾನದ ರೆಕ್ಕೆಗೆ ಜೋಡಿಸಿದ ಉಪ್ಪಿನ ಕೊಳವೆಗಳನ್ನು ಮೋಡದ ಬುಡದಲ್ಲಿ ಉರಿಸಿ ಬಂದ ದಿನ ಸಂಜೆ, ಹೋಬಳಿಯ ಮಳೆಮಾಪಕದಲ್ಲಿ 22 ಮಿ.ಮೀ. ದಾಖಲಾಗಿತ್ತು. ಅಷ್ಟನ್ನೂ ಬಿತ್ತನೆಯ ಫಲವೆಂದೇ ಬರೆದು ಕಳಿಸಿದೆ.

ಮರುವಾರ ಮಾಪಕ ನೋಡಲು ಹೋದಾಗ, ಗುಡ್ಡದಾಚೆಯ ಊರಿನ ಹಿರಿಯ ರೈತರೊಬ್ಬರು ಸುರುಳಿಗಟ್ಟಿದ ಜೋಳದ ಗರಿಯೊಂದನ್ನು ಕಿತ್ತು ನನ್ನ ಕೈಗಿಟ್ಟರು. “ನಮ್ಮ ಕಡೆ ಬರೋ ಮೋಡ ನೀವು ಅಲ್ಲೇ ಇಳಿಸ್ಕೊಂಡ್ರಿ. ನಮ್ಮನ್ನ ಒಂದ್ ಮಾತು ಕೇಳಬೇಕಿತ್ತಲ್ರೀ ಸಾಹೇಬ್ರ,” ಎಂದರು. ಇಳಿಸಿಕೊಂಡಿಲ್ಲ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಏಕೆಂದರೆ ಬಿತ್ತದೇ ಬಿಟ್ಟಿದ್ದರೆ ಆ ಮೋಡ ಎಷ್ಟು ಸುರಿಯುತ್ತಿತ್ತು ಎಂಬುದನ್ನೇ ನಾವು ಅಳೆದಿರಲಿಲ್ಲ.

ಅಳೆಯುವ ಕ್ರಮ ಇಲ್ಲವೆಂದಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮುಂಗಾರಿನಲ್ಲಿ ಸೊಲ್ಲಾಪುರದ ಸುತ್ತ 276 ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತಿ, ಉಳಿದವನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಸುಮಾರು 100 ಚದರ ಕಿ.ಮೀ. ಪ್ರದೇಶದಲ್ಲಿ ಅವರಿಗೆ ಕಂಡ ಹೆಚ್ಚಳ ಸರಾಸರಿ ಶೇ. 18 ಮಾತ್ರ. ನನ್ನ ವರದಿ ಎಷ್ಟು ಅವಸರದ್ದೆಂದು ಆಗ ತಿಳಿಯಿತು.

ಒಂದು ಹೋಬಳಿಯ ಮೋಡಕ್ಕೇ ಇಷ್ಟು ಗೊಂದಲವಿರುವಾಗ, ಸೂರ್ಯನ ಬಿಸಿಲನ್ನು ತುಸು ಹಿಂದಿರುಗಿಸಲು ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಕಣಗಳನ್ನು ಹರಡುವ ಪ್ರಸ್ತಾಪವನ್ನು ಓದುವಾಗಲೆಲ್ಲ ಆ ರೈತರ ಮಾತು ನೆನಪಾಗುತ್ತದೆ. ಅದರಿಂದ ಭೂಮಿ ತಣಿಯುವುದು ಸುಳ್ಳಲ್ಲ: 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಇಂಥದೇ ಗಂಧಕದ ಕಣಗಳು ಮೇಲೆ ಹರಡಿದ ಬಳಿಕ ಭೂಮಿಯ ಸರಾಸರಿ ತಾಪ ಅರ್ಧ ಡಿಗ್ರಿಯಷ್ಟು ಇಳಿದಿತ್ತು. ಆದರೆ ಮರುವರ್ಷ ನೆಲದ ಮೇಲೆ ಬಿದ್ದ ಒಟ್ಟು ಮಳೆಯೂ ಕುಗ್ಗಿತ್ತು. ಮುಂಗಾರನ್ನೇ ನಂಬಿ ಬಿತ್ತುವ ನಮಗೆ ಇದು ದೂರದ ಸಂಗತಿಯಲ್ಲ. ಇಂಗಾಲ ಕಡಿಮೆ ಮಾಡದೆ ಈ ಕೆಲಸ ಆರಂಭಿಸಿ ನಡುವೆ ನಿಲ್ಲಿಸಿದರೆ, ತಡೆಹಿಡಿದ ಬಿಸಿ ಕೆಲವೇ ವರ್ಷಗಳಲ್ಲಿ ಒಮ್ಮೆಲೇ ಮರಳುತ್ತದೆ.

ಜೀವವೈವಿಧ್ಯ ಒಪ್ಪಂದದ ದೇಶಗಳು 2010ರಲ್ಲಿ ಜಪಾನಿನ ನಗೋಯಾದಲ್ಲಿ ಸೇರಿ, ಸಾಕಷ್ಟು ವೈಜ್ಞಾನಿಕ ಆಧಾರ ಸಿಗುವವರೆಗೆ ಇಂಥ ಕಾರ್ಯ ಬೇಡ, ಸಣ್ಣ ಪ್ರಮಾಣದ ನಿಯಂತ್ರಿತ ಸಂಶೋಧನೆಗೆ ಮಾತ್ರ ವಿನಾಯಿತಿ ಇರಲಿ ಎಂದವು. ಆದರೆ ಅದು ಕಡ್ಡಾಯ ಕಾನೂನಲ್ಲ. ಅಮೆರಿಕದ ಒಂದು ಕಂಪನಿ ಮೆಕ್ಸಿಕೊದಲ್ಲಿ ಅನುಮತಿಯಿಲ್ಲದೆ ಗಂಧಕದ ಅನಿಲ ತುಂಬಿದ ಬಲೂನು ಹಾರಿಸಿದ ಬಳಿಕ, 2023ರ ಜನವರಿಯಲ್ಲಿ ಆ ದೇಶ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಪ್ರಕಟಿಸಬೇಕಾಯಿತು. ಸಂಶೋಧನೆ ನಿಲ್ಲಬಾರದು ಎಂಬುದೇ ನನ್ನ ನಿಲುವು. ಆದರೆ ಗಾಳಿ ಬೀಸುವ ದಿಕ್ಕಿನವರ ಒಪ್ಪಿಗೆ ಮೊದಲು ಬರಬೇಕು.

ಆ ವರದಿಯನ್ನು ವಾಪಸು ಕೇಳಿ, “ಬಿತ್ತನೆಯ ದಿನದ ಮಳೆ, ಕಾರಣ ನಿರ್ಧಾರವಾಗಿಲ್ಲ” ಎಂದು ತಿದ್ದಿದೆ. ಮುಂದಿನ ಪಟ್ಟಿಯಲ್ಲಿ ಗುಡ್ಡದಾಚೆಯ ಊರುಗಳ ಮಳೆಗೂ ಒಂದು ಕಾಲಂ ಸೇರಿಸಿದೆ.