ಮೇ ತಿಂಗಳ ಡೈರಿ

ಮೇ ಎರಡನೇ ವಾರದ ಅಪಾಯಿಂಟ್‌ಮೆಂಟ್ ಡೈರಿ ತೆರೆದರೆ ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ ಹೆಸರುಗಳೇ ಹೆಚ್ಚು. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ಮುಂದೆ ಶಾಲೆ ಫೀಸು. ಬೆಂಗಳೂರಿನಲ್ಲಿ ಸ್ವಂತ ಕೌನ್ಸೆಲಿಂಗ್ ಕೋಣೆ ಇಟ್ಟುಕೊಂಡವರಿಗೆ ಈ ಬೇಸಿಗೆ, ದಸರೆ-ದೀಪಾವಳಿ, ಡಿಸೆಂಬರ್ ಕೊನೆ ಪ್ರತಿ ವರ್ಷವೂ ಸೊರಗುವ ಕಾಲ. ಬಾಡಿಗೆ ಮಾತ್ರ ಸೊರಗುವುದಿಲ್ಲ.

ಸೆಷನ್‌ಗೆ 1,500 ರೂಪಾಯಿ ಇದ್ದರೆ 150 ಅಂದೇ ಬೇರೆ ಖಾತೆಗೆ ಹೋಗಲಿ. ತಿಂಗಳಿಗೆ 60 ಸೆಷನ್‌ನಂತೆ ಒಂಬತ್ತು ತಿಂಗಳಿಗೆ 81,000; ಸೊರಗಿದ ಮೂರು ತಿಂಗಳಿಗೆ ತಲಾ 27,000. ಮುಂಗಡ ತೆರಿಗೆಯ ಮೊದಲ ಕಂತು ಜೂನ್ 15ಕ್ಕೆ, ಕೈ ಬರಿದಾಗಿರುವ ಹೊತ್ತಿಗೇ. ತೆರಿಗೆಯ ದುಡ್ಡನ್ನು ಈ ಖಾತೆಯಲ್ಲಿ ಬೆರೆಸಬೇಡಿ.

ಥೆರಪಿ ನಿಜಕ್ಕೂ ಕೆಡುವುದು, ರಜೆಗೆ ಹೊರಟವರಿಗೆ ನಾವು "ಊರಿಂದ ಬಂದ ಮೇಲೆ ಫೋನ್ ಮಾಡಿ" ಅನ್ನುವ ಮಾತಿನಿಂದ. ಮೂರು ವಾರ ಬಿಟ್ಟವರಿಗೆ ಆ ಒಂದು ಫೋನೇ ಬೆಟ್ಟವಾಗುತ್ತದೆ, ಖಿನ್ನತೆಯಲ್ಲಿರುವವರಿಗಂತೂ ಇನ್ನೂ. ರಜೆಗೆ ಎರಡು ಸೆಷನ್ ಮೊದಲೇ ಮಾತು ತೆಗೆದು, ಮರಳಿ ಬರುವ ದಿನ, ಗಂಟೆ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ. ಅದೇ ಚೀಟಿಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇರಲಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಗಾಬರಿಗೆ ಫೀಸು ಇಳಿಸಿದರೆ ಮತ್ತೆ ಏರಿಸುವುದು ಕಷ್ಟ. ಮುಗಿಸಬೇಕಾದ ಥೆರಪಿಯನ್ನು ಡೈರಿ ತುಂಬಲೆಂದು ಎಳೆಯುವುದು ಮಾತ್ರ ಅನ್ಯಾಯ. ಖಾಲಿ ಗಂಟೆಗಳಿಗೆ ಬಾಕಿ ಕೇಸ್ ನೋಟ್ಸ್ ಇವೆ, ಹಿರಿಯ ಕೌನ್ಸೆಲರ್‌ಗಳ ಬಳಿ ಸೂಪರ್‌ವಿಷನ್, ಅಂದರೆ ನಮ್ಮ ಕೇಸ್‌ಗಳ ಬಗ್ಗೆ ಅವರ ಮಾರ್ಗದರ್ಶನ, ಇದೆ. ಶಾಲೆಗಳ ಕೌನ್ಸೆಲರ್‌ಗಳನ್ನು ಕಾಣಲು ಜೂನ್ ಎರಡನೇ ವಾರ ಒಳ್ಳೆಯದು. ಮೇನಲ್ಲಿ ಹೋದರೆ ಗೇಟಿಗೆ ಬೀಗ.