ಕರು ಹಾಕಿದ ಮರುದಿನ

ಹಸು ಸುಸೂತ್ರವಾಗಿ ಕರು ಹಾಕಿತೆಂದರೆ ಮನೆಯವರ ಗಮನವೆಲ್ಲ ಕರುವಿನ ಮೇಲೆ, ಗಿಣ್ಣಿನ ಪಾತ್ರೆಯ ಮೇಲೆ. ಹಸುವಿನ ಕಿವಿ ಮುಟ್ಟಿ ನೋಡುವವರು ಕಡಿಮೆ. ಮೊನ್ನೆ ಚನ್ನರಾಯಪಟ್ಟಣದ ಕಡೆಯ ಕೊಟ್ಟಿಗೆಯೊಂದರಲ್ಲಿ ನಡೆದದ್ದೂ ಅದೇ. ಮೂರನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ) ಹಸು, ರಾತ್ರಿ ಕರು ಹಾಕಿದೆ, ಬೆಳಗಾಗುವುದರೊಳಗೆ ಸತ್ತೆಯೂ (ಮಾಸು) ಬಿದ್ದಿದೆ. ಕೆಚ್ಚಲು ಬಿಗಿದಿದೆಯೆಂದು ಗಿಣ್ಣನ್ನು ಕೊನೆಯ ಹನಿಯವರೆಗೂ ಕರೆದುಬಿಟ್ಟರು. ಮಧ್ಯಾಹ್ನಕ್ಕೆ ಹಸು ಮೇವು ಬಿಟ್ಟಿತು, ಹಿಂಗಾಲು ತಡವರಿಸತೊಡಗಿತು. ಸಂಜೆಗೆ ಕತ್ತನ್ನು ಪಕ್ಕೆಗೆ ಹೊರಳಿಸಿಕೊಂಡು ಮಲಗಿತು. ಮೂತಿ ಒಣಗಿತ್ತು, ಕಿವಿ ತಣ್ಣಗಿದ್ದವು.

ಹಾಲುಜ್ವರದ, ಅಂದರೆ ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ರೋಗದ, ಲಕ್ಷಣವೇ ಇದು. ಥರ್ಮಾಮೀಟರ್ ಇಟ್ಟರೆ ಜ್ವರ ಸಿಗುವುದಿಲ್ಲ, 101.5 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಮೈ ಅದಕ್ಕಿಂತ ಕೆಳಗಿಳಿದಿರುತ್ತದೆ. ಹಸುವಿನ ರಕ್ತದಲ್ಲಿ ಓಡಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ, ಒಂದು ಲೀಟರ್ ಗಿಣ್ಣಿನಲ್ಲಿ ಹೋಗುವುದು 2 ಗ್ರಾಂಗೂ ಹೆಚ್ಚು. ಮೂಳೆಯಿಂದ ಅಷ್ಟನ್ನು ತುಂಬಿಕೊಡಲು ಹೆಚ್ಚು ಸೂಲು ಕಂಡ ಹಸುವಿಗೆ ಒಂದೆರಡು ದಿನ ಬೇಕು. ಹೆಚ್ಚಿನವು ಮಲಗುವುದು ಕರು ಹಾಕಿದ 72 ಗಂಟೆಯೊಳಗೆ.

ಅಷ್ಟರಲ್ಲಿ ಒಬ್ಬರು ಬೆಲ್ಲದ ನೀರಿನ ಗೊಟ್ಟ (ದನದ ಬಾಯಿಗೆ ಸುರಿಯುವ ಬಿದಿರಿನ ಕೊಳವೆ) ತಂದರು. ಮಲಗಿದ ಹಸುವಿಗೆ ಗೊಟ್ಟ ಹಾಕುವುದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ನುಂಗುವ ಶಕ್ತಿಯೇ ಕುಂದಿರುವಾಗ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ನ್ಯುಮೋನಿಯಾ. ಮಾಡಬೇಕಾದ್ದು ಇಷ್ಟು: ಪಕ್ಕಕ್ಕೆ ಬಿದ್ದಿದ್ದರೆ ಎದೆಯ ಮೇಲೆ ಕೂರಿಸಿ ಎರಡೂ ಕಡೆ ಹುಲ್ಲಿನ ಮೂಟೆ ಒತ್ತಿಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅವರು 450 ಮಿಲಿ ಬಾಟಲಿಯ ಕ್ಯಾಲ್ಸಿಯಂ ದ್ರಾವಣವನ್ನು ಮೈ ಬಿಸಿಗೆ ತಂದು, ಎದೆಬಡಿತ ಕೇಳುತ್ತ, ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಅವಸರಪಟ್ಟರೆ ಹೃದಯವೇ ನಿಲ್ಲಬಹುದು. ಇಲ್ಲಿ ಬಾಟಲಿ ಮುಗಿಯುವ ಮುಂಚೆಯೇ ಹಸು ತೇಗಿತು, ಮೈ ನಡುಗಿಸಿತು, ಸಗಣಿ ಹಾಕಿತು. ಔಷಧ ಹತ್ತಿತೆನ್ನಲು ಇಷ್ಟು ಸಾಕು. ಆದರೂ ಮರುದಿನ ಮತ್ತೆ ಮಲಗುವ ಹಸುಗಳಿವೆ, ಕಣ್ಣಿಡಬೇಕು.

ಮೊದಲ ಒಂದೆರಡು ದಿನ ಕೆಚ್ಚಲನ್ನು ಬರಿದು ಮಾಡದಿರಿ. ಕೆಚ್ಚಲು ಬಾವು ಇದ್ದರೆ ಮಾತ್ರ ಬೇರೆ ಮಾತು. ಕರುವಿನ ಪಾಲು ತಪ್ಪಬಾರದು: 30 ಕೆಜಿ ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ ಸುಮಾರು 3 ಲೀಟರ್ ಗಿಣ್ಣು. ಸತ್ತೆ 12 ಗಂಟೆ ದಾಟಿದರೂ ಬೀಳದಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಕರು ಹಾಕುವ ಮೊದಲಿನ ಮೂರು ವಾರ ಕ್ಯಾಲ್ಸಿಯಂ ಕುಡಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದು ತಿರುಗುಬಾಣ: ಹೊರಗಿನಿಂದ ಸಿಗುವಾಗ ಮೂಳೆಯಿಂದ ತೆಗೆಯುವ ಕೆಲಸವನ್ನು ದೇಹ ಮರೆತಿರುತ್ತದೆ. ಕೊಡುವುದಾದರೆ ಕರು ಹಾಕುವ ಹೊತ್ತಿನಲ್ಲಿ, ಹಸು ನಿಂತಿರುವಾಗ ಕೊಡಿ.

ಹಸು ಏಳುವ ಮುಂಚೆ ಸಿಮೆಂಟ್ ನೆಲದ ಮೇಲೆ ಮಣ್ಣು ಹರಡಿ, ರಾಗಿ ಹುಲ್ಲು ಹಾಸಿರಬೇಕು. ಜಾರಿ ಹಿಂಗಾಲು ಅಗಲಿಸಿತೆಂದರೆ ಯಾವ ಬಾಟಲಿಯೂ ಅದನ್ನು ಎಬ್ಬಿಸದು.