ಓತೆಮಾಚಿಯಿಂದ ಅಕಿಹಬಾರಾಕ್ಕೆ, ಮಸಕಾದೊನ ಜಾಡು ಹಿಡಿದು

ಟೋಕಿಯೋದಲ್ಲಿ ಸಮುರಾಯ್ ಮತ್ತು ಅನಿಮೆ ಎರಡನ್ನೂ ಒಂದೇ ದಿನ ತೋರಿಸುವ ನಡಿಗೆಗಳು ಬೇಕಾದಷ್ಟಿವೆ. ಬಾಡಿಗೆ ಕವಚ ತೊಡಿಸಿ ಫೋಟೊ ತೆಗೆಸಿ ಕಳಿಸುವಂಥವು ಬೇಡ. ಓತೆಮಾಚಿ ಮೆಟ್ರೊದ ಸಿ5 ದ್ವಾರದಿಂದ ಹೊರಡುವ ದಾರಿ ಹಿಡಿಯಿರಿ.

ಮೇಲೆ ಬಂದರೆ ಗಾಜಿನ ಕಚೇರಿಗಳ ನಡುವೆ ಮನೆಯಂಗಳದಷ್ಟು ಜಾಗ, ಅಲ್ಲೊಂದು ನಿಂತ ಕಲ್ಲು. ಹತ್ತನೇ ಶತಮಾನದ ಯೋಧ ತಾಯಿರಾ ನೊ ಮಸಕಾದೊನ ತಲೆ ಹೂತದ್ದು ಇಲ್ಲೇ ಎಂಬ ನಂಬಿಕೆ. 939ರಲ್ಲಿ ದಂಗೆಯೆದ್ದು ಪೂರ್ವದ ಪ್ರಾಂತ್ಯಗಳನ್ನು ಗೆದ್ದ, ತಾನೇ ಹೊಸ ಚಕ್ರವರ್ತಿ ಅಂದುಕೊಂಡ, 940ರಲ್ಲಿ ಸತ್ತ. ಕ್ಯೋಟೊದಲ್ಲಿ ತೂಗುಹಾಕಿದ್ದ ತಲೆ ಹಾರಿ ಇಲ್ಲಿಗೆ ಬಂತು ಅನ್ನುತ್ತದೆ ಕತೆ. 1923ರ ಭೂಕಂಪದ ನಂತರ ಹಣಕಾಸು ಇಲಾಖೆ ಇಲ್ಲೊಂದು ತಾತ್ಕಾಲಿಕ ಕಟ್ಟಡ ಎಬ್ಬಿಸಿತು. ಮಂತ್ರಿಯೂ ಸೇರಿ ಹಲವರು ತೀರಿಕೊಂಡರು. ಮಸಕಾದೊನ ಶಾಪವೆಂದು ಹೆದರಿ ಕಟ್ಟಡ ತೆಗೆಸಿ ಶಾಂತಿ ಮಾಡಿಸಿದರು.

ಐದು ನಿಮಿಷ ನಡೆದರೆ ಎದೊ (ಟೋಕಿಯೋದ ಹಳೆಯ ಹೆಸರು) ಕೋಟೆಯ ಓತೆಮೊನ್ ಬಾಗಿಲು. ಒಳಗಿನ ಪೂರ್ವ ಉದ್ಯಾನಕ್ಕೆ ಪ್ರವೇಶ ಉಚಿತ, ಆದರೆ ಸೋಮವಾರ ಮತ್ತು ಶುಕ್ರವಾರ ರಜೆ. ಬಹಳ ಮಂದಿಯ ದಿನ ಕೆಡುವುದು ಇಲ್ಲೇ. ಚೀಲ ತಪಾಸಣೆಯೂ ಇದೆ, ಸಣ್ಣ ಚೀಲ ಸಾಕು. ಬಾಗಿಲು ದಾಟಿದ ಮೇಲೆ ನೇರ ದಾರಿಯಿಲ್ಲ. ಕಲ್ಲುಗೋಡೆಯ ಚೌಕದೊಳಗೆ ಬಂದು ಬಲಕ್ಕೆ ತಿರುಗಿದರಷ್ಟೇ ಎರಡನೇ ಬಾಗಿಲು. ನುಗ್ಗಿದ ಶತ್ರು ಅಲ್ಲಿ ಮೇಲಿನ ಬಿಲ್ಲುಗಾರರ ಕೈಗೆ ಸಿಗಬೇಕು. ಕೋಟೆಯ ಮುಖ್ಯ ಗೋಪುರ 1657ರ ಬೆಂಕಿಗೆ ಹೋಯಿತು, ಮತ್ತೆ ಕಟ್ಟಲಿಲ್ಲ. ಬುಡದ ಕಲ್ಲುಜಗಲಿ ಮಾತ್ರ ಇದೆ. ಹೊರಡುವಾಗ ಹಿರಕಾವಾ ಬಾಗಿಲನ್ನೇ ಬಳಸಿ. 1701ರಲ್ಲಿ ಕೋಟೆಯೊಳಗೆ ಕತ್ತಿ ಎತ್ತಿ, ಅದೇ ದಿನ ಶಿಕ್ಷೆಯಾಗಿ ಹೊಟ್ಟೆ ಸೀಳಿಕೊಳ್ಳಬೇಕಾದ ಸಾಮಂತ ಅಸಾನೊ ನಗಾನೊರಿಯನ್ನು ಒಯ್ದದ್ದು ಇದೇ ಬಾಗಿಲಿನಿಂದ ಅನ್ನುತ್ತಾರೆ.

ಅಲ್ಲಿಂದ ಅರ್ಧ ಗಂಟೆ ನಡೆದರೆ ಕಾಂದಾ ಮ್ಯೋಜಿನ್ ದೇಗುಲ. ಈ ನಡಿಗೆಯ ಜೀವ ಇಲ್ಲಿದೆ, ಒಂದು ಗಂಟೆ ಇಲ್ಲಿಗೇ ಇಡಿ. ಒಳಗಿನ ದೇವರಲ್ಲೊಬ್ಬ ಅದೇ ಮಸಕಾದೊ. ದಂಗೆಕೋರನಿಗೆ ಪೂಜೆಯೇ? ಮಾರ್ಗದರ್ಶಕರಿಗೆ ತಪ್ಪದೆ ಬರುವ ಪ್ರಶ್ನೆ ಇದು. ಉತ್ತರ ನಮಗೆ ದೂರದ್ದಲ್ಲ: ಸಿಟ್ಟಿನಲ್ಲಿ ಸತ್ತವನನ್ನು ತಣಿಸಿದರೆ ಅವನೇ ಊರು ಕಾಯುತ್ತಾನೆ. 1309ರಲ್ಲಿ ಅವನನ್ನು ದೇವರಾಗಿ ನಿಲ್ಲಿಸಿದರು. 1616ರಲ್ಲಿ ದೇಗುಲ ಈಗಿನ ಜಾಗಕ್ಕೆ, ಕೋಟೆಯ ಈಶಾನ್ಯಕ್ಕೆ ಬಂತು. ಜಪಾನಿನಲ್ಲಿ ಕೇಡು ಒಳಬರುವ ದಿಕ್ಕು ಅದು. 1874ರಲ್ಲಿ, ಚಕ್ರವರ್ತಿಯ ಆಳ್ವಿಕೆಗೆ ಹೊಂದದವನೆಂದು ಮುಖ್ಯಗುಡಿಯಿಂದ ಇಳಿಸಿದರು. 1984ರಲ್ಲಿ ಮರಳಿದ.

ಅವನ ಅಂಗಳದಲ್ಲಿ ತೂಗುವ ಮರದ ಹರಕೆ ಹಲಗೆಗಳನ್ನು ಹತ್ತಿರದಿಂದ ನೋಡಿ. ದೊಡ್ಡ ಕಣ್ಣಿನ ಅನಿಮೆ ಹುಡುಗಿಯರು, ಕೂದಲಿನ ಎಳೆ ಎಳೆಯೂ ಬಣ್ಣದ ಪೆನ್ನಿನಲ್ಲಿ; ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಪರೀಕ್ಷೆಯ, ಕೆಲಸದ ಬೇಡಿಕೆ. 2013ರ ‘ಲವ್ ಲೈವ್!’ ಅನಿಮೆ ಸರಣಿಯ ಹುಡುಗಿಯೊಬ್ಬಳು ಇದೇ ದೇಗುಲದಲ್ಲಿ ಸೇವೆ ಮಾಡುವವಳು. ಅಭಿಮಾನಿಗಳು ಬರುವುದು ಅದಕ್ಕೇ. ಕಂಪ್ಯೂಟರ್ ಕಾಯುವ ತಾಯಿತವೂ ಇಲ್ಲಿ ಸಿಗುತ್ತದೆ. ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮವಿಡುವ ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಬದಿಯ ಕಡಿದಾದ 68 ಕಲ್ಲುಮೆಟ್ಟಿಲು ಇಳಿದು ಹತ್ತು ನಿಮಿಷ ನಡೆದರೆ ಅನಿಮೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಅಕಿಹಬಾರಾ. ಮಳೆಯಲ್ಲಿ ಕಲ್ಲು ಜಾರುತ್ತದೆ, ಕಂಬಿ ಹಿಡಿಯಿರಿ. ಭಾನುವಾರ ಮಧ್ಯಾಹ್ನ ಒಂದರ ನಂತರ ಅಲ್ಲಿನ ಮುಖ್ಯರಸ್ತೆ ಚುವೊ ಬೀದಿಯಲ್ಲಿ ವಾಹನ ಬಿಡುವುದಿಲ್ಲ, ಆದ್ದರಿಂದ ಬೆಳಿಗ್ಗೆ ಒಂಬತ್ತಕ್ಕೆ ಕೋಟೆ ಹೊಕ್ಕರೆ ಸರಿಹೋಗುತ್ತದೆ. ಗೊಂಬೆ ಅಂಗಡಿಗಳಿಗೆ ಮೊದಲು ರೈಲುಹಳಿಯ ಕೆಳಗಿನ ರೇಡಿಯೊ ಸೆಂಟರ್ ಹೊಕ್ಕು ಬನ್ನಿ. ಯುದ್ಧಾನಂತರ ಬೀದಿಬದಿಯಲ್ಲಿ ರೇಡಿಯೊ ಬಿಡಿಭಾಗ ಮಾರುತ್ತಿದ್ದವರು ನೆಲೆಯೂರಿದ ಜಾಗ ಅದು. ಇಬ್ಬರು ಎದುರಾದರೆ ಓರೆಯಾಗಬೇಕಾದ ಓಣಿ, ಪುಟ್ಟ ಡಬ್ಬಿಗಳ ತುಂಬ ಸ್ವಿಚ್ಚು, ರೆಸಿಸ್ಟರು.